ಮೈನ್‌ಕ್ರಾಫ್ಟಿನ ಹಳ್ಳಿಗ ವ್ಯಾಪಾರಕ್ಕೆ ಒಲ್ಲೆನ್ನುವುದೇಕೆ?

ಮೈನ್‌ಕ್ರಾಫ್ಟ್ ವಿಡಿಯೊ ಗೇಮ್‌ನಲ್ಲಿ ಹಳ್ಳಿಗರೊಡನೆ ನಡೆಯುವ ವ್ಯಾಪಾರ ಕೆಟ್ಟು ನಿಂತಾಗ, ಅದರ ಕಾರಣವನ್ನು ಹಳ್ಳಿಗನ ದಿನಚರಿಯಲ್ಲಿ, ಅವನು ಕೆಲಸ ಮಾಡುವ ಜಾಗದಲ್ಲಿ, ಆ ಜಾಗಕ್ಕೆ ಹೋಗುವ ದಾರಿಯಲ್ಲಿ ಮತ್ತು ಅವನ ನೆನಪಿನಲ್ಲಿ ಹುಡುಕಬೇಕಾಗುತ್ತದೆ. ತೆರೆಯ ಮೇಲೆ ಮೂಡುವ ವ್ಯಾಪಾರದ ಪಟ್ಟಿ ಇವೆಲ್ಲ ಸೇರಿ ಕೊಟ್ಟ ಫಲವಷ್ಟೇ ಆದ್ದರಿಂದ, ಪಟ್ಟಿಯನ್ನೇ ದಿಟ್ಟಿಸುತ್ತ ಕುಳಿತವನಿಗೆ ಬೆಲೆ ಏಕೆ ಏರಿತು, ಸರಕಿನ ಸಾಲಿಗೆ ಕೆಂಪು ಗೀಟು ಏಕೆ ಬಿತ್ತು, ಹೊಲದ ನಡುವೆ ನಿಂತ ಹಳ್ಳಿಗ ಏಕೆ ತಲೆಯಾಡಿಸಿ ಸುಮ್ಮನಾದ ಎಂಬುದು ಎಷ್ಟು ಹೊತ್ತಾದರೂ ತಿಳಿಯುವುದಿಲ್ಲ. ಆಟಗಾರರಲ್ಲಿ ಬಹುಮಂದಿ ಈ ಹಳ್ಳಿಗನನ್ನು ಕಾಸು ಹಾಕಿದರೆ ಸರಕು ಉದುರಿಸುವ ಯಂತ್ರವೆಂದು ತಿಳಿಯುತ್ತಾರೆ. ಅವನು ಸುಮ್ಮನಾದ ಕೂಡಲೇ ಆಟವೇ ಕೆಟ್ಟಿದೆಯೆಂದು ಮತ್ತೆ ಮತ್ತೆ ಕ್ಲಿಕ್ ಮಾಡುತ್ತಾರೆ, ಕೆಲವರು ಸಿಟ್ಟಿನಿಂದ ಹೊಡೆದೂಬಿಡುತ್ತಾರೆ, ಆ ಹೊಡೆತದಿಂದ ಬೆಲೆ ಇನ್ನಷ್ಟು ಏರುತ್ತದೆ.

ಊರಿನ ಬದುಕಿನೊಳಗೇ ವ್ಯಾಪಾರ ಬೆರೆತಿರುವುದನ್ನು ಕಂಡವರಿಗೆ ಈ ಬಗೆಯ ಹುಡುಕಾಟ ಹೊಸದಲ್ಲ. ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕಿನಲ್ಲಿ ಕಾವೇರಿಯ ದಂಡೆಗೆ ಹೊಂದಿಕೊಂಡ ಮುಳ್ಳೂರು, ರೇಷ್ಮೆ ಕೈಮಗ್ಗಕ್ಕೆ ಹೆಸರಾದ ಕೊಳ್ಳೇಗಾಲ ಪಟ್ಟಣ, ಮಲೆ ಮಹದೇಶ್ವರ ಬೆಟ್ಟದ ದಾರಿಯಲ್ಲಿರುವ ಹನೂರು, ಬಿಳಿಗಿರಿರಂಗನ ಬೆಟ್ಟದ ಮಗ್ಗುಲಿನ ಯಳಂದೂರು, ಇವೆಲ್ಲ ಕೂಡಿದ ಸೀಮೆಯಲ್ಲಿ ಬೆಲೆಯೆಂಬುದು ಸರಕಿನ ಮೇಲೆ ಮೊದಲೇ ಬರೆದಿಟ್ಟ ಅಂಕಿಯಲ್ಲ. ರೇಷ್ಮೆಗೂಡಿನ ಬೆಲೆ ಹುಳು ಮೇದ ಸೊಪ್ಪಿನಿಂದ, ಹುಳು ಹಣ್ಣಾದ ದಿನಗಳ ಹವೆಯಿಂದ, ಅಂದು ಮಾರುಕಟ್ಟೆಗೆ ಬಂದ ರೀಲರುಗಳ ಸಂಖ್ಯೆಯಿಂದ, ಅಂದರೆ ಗೂಡು ಬೇಯಿಸಿ ನೂಲು ಬಿಚ್ಚುವವರ ಬೇಡಿಕೆಯಿಂದ ನಿಲ್ಲುತ್ತದೆ. ವ್ಯಾಪಾರ ಕೈಗೂಡದಿದ್ದರೆ ಮಾರಲು ಬಂದವನು ಇದರಲ್ಲಿ ಯಾವುದು ಕೈಕೊಟ್ಟಿತೆಂದು ಹಿಂದಕ್ಕೆ ಲೆಕ್ಕಹಾಕುತ್ತಾನೆ. ಮೈನ್‌ಕ್ರಾಫ್ಟಿನ ಹಳ್ಳಿಯಲ್ಲಿ ಬೇಕಾಗಿರುವುದೂ ಅದೇ ಬಗೆಯ ಹಿಂದಕ್ಕೆ ಹೋಗುವ ಲೆಕ್ಕ. ಎರಡು ಲೋಕಗಳೂ ಬೇರ್ಪಡುವ ಜಾಗಗಳು ಸಹ ಇವೆ, ಅವು ಮುಂದೆ ಬರಲಿವೆ; ಪರಿಹಾರಗಳು ಹುಟ್ಟುವುದು ಅಲ್ಲಿಯೇ ಎಂಬುದರಿಂದ ಅವುಗಳನ್ನು ಗುರುತಿಸುವುದು ಮುಖ್ಯ.

ಸ್ವೀಡನ್ನಿನ ಮೊಯಾಂಗ್ ಸಂಸ್ಥೆ ರೂಪಿಸಿದ ಮೈನ್‌ಕ್ರಾಫ್ಟ್ 2009ರ ಮೇ ತಿಂಗಳಲ್ಲಿ ಮೊದಲು ಸಾರ್ವಜನಿಕರ ಕೈಗೆ ಬಂದು, 2011ರ ನವೆಂಬರ್‌ನಲ್ಲಿ ಪೂರ್ಣರೂಪದಲ್ಲಿ ಬಿಡುಗಡೆಯಾಯಿತು. 2014ರಲ್ಲಿ ಮೈಕ್ರೋಸಾಫ್ಟ್ ಇದನ್ನು 250 ಕೋಟಿ ಡಾಲರ್‌ಗೆ ಕೊಂಡಿತು. 2023ರಲ್ಲಿ ಮಾರಾಟವಾದ ಪ್ರತಿಗಳ ಸಂಖ್ಯೆ 30 ಕೋಟಿ ದಾಟಿತು. ಇದು ‘ಸ್ಯಾಂಡ್‌ಬಾಕ್ಸ್’ ಬಗೆಯ ಆಟ, ಎಂದರೆ ಮುಗಿಸಲೇಬೇಕಾದ ಒಂದು ಗುರಿಯನ್ನು ಆಟಗಾರನ ಮೇಲೆ ಹೇರದೆ, ಅಗೆಯುವುದು, ಕಟ್ಟುವುದು, ಬೆಳೆಯುವುದು, ಅಲೆಯುವುದು ಇವುಗಳಲ್ಲಿ ತನಗೆ ಬೇಕಾದ್ದನ್ನು ಆಯ್ದುಕೊಳ್ಳಲು ಬಿಡುವ ಆಟ. ಇಲ್ಲಿನ ಲೋಕವೆಲ್ಲ ಒಂದೇ ಅಳತೆಯ ಘನಗಳಿಂದ, ಆಟದ ಮಾತಿನಲ್ಲಿ ‘ಬ್ಲಾಕ್’ಗಳಿಂದ ಆಗಿದ್ದು, ಆ ಲೋಕದ ಒಂದು ಹಗಲಿರುಳು ನಿಜ ಗಡಿಯಾರದ 20 ನಿಮಿಷಗಳಲ್ಲಿ ಮುಗಿಯುತ್ತದೆ. ಆ ಲೋಕದಲ್ಲಿ ಅಲ್ಲಲ್ಲಿ ಹಳ್ಳಿಗಳಿದ್ದು, ಅವುಗಳಲ್ಲಿ ವಾಸಿಸುವ ಹಳ್ಳಿಗರನ್ನು ಕಂಪ್ಯೂಟರೇ ನಡೆಸುತ್ತದೆ. ಅವರೊಡನೆ ಕೊಡುಕೊಳ್ಳುವ ವ್ಯವಸ್ಥೆ 2012ರ ಆಗಸ್ಟ್‌ನಲ್ಲಿ ಆಟಕ್ಕೆ ಸೇರಿತು. ಅಲ್ಲಿ ನಾಣ್ಯದ ಬದಲು ನಡೆಯುವುದು ಪಚ್ಚೆಕಲ್ಲು. ರೈತ ಹಳ್ಳಿಗ 20 ಗೋಧಿಗೆ ಒಂದು ಪಚ್ಚೆ ಕೊಡುತ್ತಾನೆ, ಬಾಣಗಾರ 32 ಕಡ್ಡಿಗೆ ಒಂದು, ಗ್ರಂಥಪಾಲ 24 ಕಾಗದಕ್ಕೆ ಒಂದು; ಹೀಗೆ ಕೂಡಿಟ್ಟ ಪಚ್ಚೆಯಿಂದ ಆಟಗಾರ ಮಂತ್ರಶಕ್ತಿಯ ಪುಸ್ತಕ, ವಜ್ರದ ಕವಚ, ರೊಟ್ಟಿ, ಬಾಣ ಮುಂತಾದವುಗಳನ್ನು ಕೊಳ್ಳುತ್ತಾನೆ.

ಇಂದು ಆಟಗಾರರನ್ನು ಕಾಡುವ ತೊಡಕುಗಳಲ್ಲಿ ಹೆಚ್ಚಿನವು 2019ರ ಏಪ್ರಿಲ್‌ನಲ್ಲಿ ಬಂದ 1.14ನೆಯ ಆವೃತ್ತಿಗೆ ಸಂಬಂಧಪಟ್ಟವು. ಅದಕ್ಕೆ ಮೊದಲು ಹಳ್ಳಿಯೆಂದರೆ ಬಾಗಿಲುಗಳ ಲೆಕ್ಕವಾಗಿತ್ತು. ಹಳ್ಳಿಗನ ಕಸುಬು ಹುಟ್ಟಿನಿಂದಲೇ ನಿಗದಿಯಾಗಿತ್ತು. 1.14ರಲ್ಲಿ ಬಾಗಿಲಿನ ಸ್ಥಾನಕ್ಕೆ ಹಾಸಿಗೆ ಬಂತು, ಕಸುಬು ಹುಟ್ಟಿನಿಂದ ಬರುವುದು ನಿಂತು ಕೆಲಸದ ಸಾಧನದಿಂದ ಬರತೊಡಗಿತು, ಹಳ್ಳಿಗನಿಗೆ ವೇಳಾಪಟ್ಟಿಯೂ ನೆನಪಿನ ಶಕ್ತಿಯೂ ದೊರೆತವು. ಹಳೆಯ ಆವೃತ್ತಿ ಆಡಿದ ಅಣ್ಣಂದಿರಿಂದ ಕಲಿತ ಉಪಾಯಗಳು ಈಗಿನ ಹುಡುಗರ ಕೈಯಲ್ಲಿ ಫಲಿಸದಿರುವುದಕ್ಕೆ ಈ ಬದಲಾವಣೆಯೇ ಮುಖ್ಯ ಕಾರಣ.

ತಲೆಯಾಡಿಸುವವನ ಮುಂದೆ

ಆಟಗಾರ ಎದುರಿಗೆ ನಿಂತು ಮುಟ್ಟಿದರೂ ವ್ಯಾಪಾರದ ಕಿಟಕಿ ತೆರೆಯದೆ ಹಳ್ಳಿಗ ತಲೆಯಾಡಿಸಿದರೆ, ಅವನು ಕಸುಬಿಲ್ಲದವನು, ಇಲ್ಲವೇ ಇನ್ನೂ ಮಗು, ಇಲ್ಲವೇ ಹಸಿರು ನಿಲುವಂಗಿ ತೊಟ್ಟವನು ಎಂದು ತಿಳಿಯಬೇಕು. ಹಸಿರು ನಿಲುವಂಗಿಯವನಿಗೆ ಎಂದಿಗೂ ಕಸುಬು ಹತ್ತುವುದಿಲ್ಲವಾದ್ದರಿಂದ ಅವನ ಸುತ್ತ ಎಷ್ಟು ಸಾಧನಗಳನ್ನು ಹೂಡಿದರೂ ಪ್ರಯೋಜನವಿಲ್ಲ. ಮಗು ಬೆಳೆಯುವವರೆಗೆ ಒಂದು ಆಟದ ಹಗಲಿರುಳಷ್ಟು ಕಾಲ ಕಾಯಬೇಕು. ಉಳಿದವನು ಕಸುಬಿಲ್ಲದವನು, ಅವನ ಮೈಮೇಲೆ ಊರಿನ ಹವೆಗೆ ತಕ್ಕ ಸಾದಾ ಬಟ್ಟೆಯಿರುತ್ತದೆ, ಕಸುಬಿನ ಗುರುತಾದ ಟೋಪಿ, ಏಪ್ರನ್ ಯಾವುದೂ ಇರುವುದಿಲ್ಲ. ಇದಲ್ಲದೆ ಇನ್ನೆರಡು ಸಣ್ಣ ಕಾರಣಗಳನ್ನೂ ಮರೆಯಬಾರದು: ಕಂಪ್ಯೂಟರಿನಲ್ಲಿ ಆಡುವ ಜಾವಾ ಆವೃತ್ತಿಯಲ್ಲಿ ಮಲಗಿದ ಹಳ್ಳಿಗ ವ್ಯಾಪಾರ ಮಾಡುವುದಿಲ್ಲ, ಹಲವರು ಕೂಡಿ ಆಡುವಾಗ ಒಬ್ಬ ಹಳ್ಳಿಗ ಒಂದು ಹೊತ್ತಿಗೆ ಒಬ್ಬನೊಡನೆ ಮಾತ್ರ ವ್ಯಾಪಾರ ಮಾಡುತ್ತಾನೆ, ಗೆಳೆಯನೊಬ್ಬ ಅವನ ಕಿಟಕಿಯನ್ನು ತೆರೆದಿಟ್ಟು ಎದ್ದುಹೋಗಿದ್ದರೆ ಉಳಿದವರಿಗೆ ಅವನು ಸಿಗುವುದಿಲ್ಲ.

ಕಸುಬು ಹತ್ತಿಸುವ ಸಾಧನಗಳು 13, ಕಸುಬುಗಳೂ 13. ಗೊಬ್ಬರದ ತೊಟ್ಟಿ ರೈತನಿಗೆ, ಪುಸ್ತಕವಿಟ್ಟು ಓದುವ ಪೀಠ ಗ್ರಂಥಪಾಲನಿಗೆ, ಪೀಪಾಯಿ ಮೀನುಗಾರನಿಗೆ, ಸಾಣೆಕಲ್ಲು ಆಯುಧ ಮಾಡುವವನಿಗೆ, ಕಲ್ಲು ಕೊಯ್ಯುವ ಗರಗಸ ಕಲ್ಲುಕುಟಿಗನಿಗೆ, ಹೀಗೆ ಪ್ರತಿಯೊಂದು ಸಾಧನವೂ ಒಂದೊಂದು ಕಸುಬನ್ನು ಕಟ್ಟಿಕೊಂಡಿದೆ. ಮಗ್ಗದ ವಿಷಯದಲ್ಲಿ ಕೊಳ್ಳೇಗಾಲದ ಓದುಗ ಎಡವುವ ಸಾಧ್ಯತೆಯಿದೆ: ಆಟದಲ್ಲಿ ಮಗ್ಗದ ಒಡೆಯ ನೇಕಾರನಲ್ಲ, ಕುರಿಗಾಹಿ. ಅವನು ತನ್ನ ಮೊದಲ ದರ್ಜೆಯಲ್ಲಿ 18 ಉಣ್ಣೆಗೆ ಒಂದು ಪಚ್ಚೆ ಕೊಡುತ್ತಾನೆ, ಮುಂದಿನ ದರ್ಜೆಗಳಲ್ಲಿ ಜಮಖಾನ, ಹಾಸಿಗೆಗಳನ್ನು ಮಾರುತ್ತಾನೆ. ರೇಷ್ಮೆಹುಳು ಆ ಲೋಕದಲ್ಲಿ ಇಲ್ಲವೇ ಇಲ್ಲ. ಜೇಡದಿಂದ ದೊರೆಯುವ ದಾರವನ್ನು ಮಗ್ಗದವನ ಬಳಿ ಮಾರಲು ಹೋದರೆ ಅವನ ಪಟ್ಟಿಯಲ್ಲಿ ಅದಕ್ಕೆ ಜಾಗವಿರುವುದಿಲ್ಲ, ಏಕೆಂದರೆ 20 ದಾರಕ್ಕೆ ಒಂದು ಪಚ್ಚೆ ಕೊಡುವವನು ಮೀನುಗಾರ. ಯಾವ ಕಸುಬಿನವನು ಏನು ಕೊಳ್ಳುತ್ತಾನೆಂಬುದನ್ನು ಹೊರಗಿನ ಲೋಕದ ಅನುಭವದಿಂದ ಊಹಿಸದೆ ಆಟದ ಪಟ್ಟಿಯಿಂದಲೇ ಕಲಿಯಬೇಕು.

ಸಾಧನವನ್ನು ಹತ್ತಿರವೇ ಇಟ್ಟರೂ ಹಳ್ಳಿಗ ಅದನ್ನು ಹಿಡಿಯದಿರುವುದು ಆಟಗಾರರನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ತೊಡಕು. ಜಾವಾ ಆವೃತ್ತಿಯಲ್ಲಿ ಕಸುಬಿಲ್ಲದ ಹಳ್ಳಿಗ ತನ್ನ ಸುತ್ತ 48 ಬ್ಲಾಕ್‌ಗಳ ದೂರದವರೆಗೆ ಯಾರೂ ಹಿಡಿಯದ ಸಾಧನವನ್ನು ಹುಡುಕುತ್ತಾನೆ, ಅಲ್ಲಿಗೆ ನಡೆದು ಹೋಗುವ ದಾರಿ ಇದೆಯೇ ಎಂದು ನೋಡುತ್ತಾನೆ, ದಾರಿ ಇದ್ದರೆ ಮಾತ್ರ ಅದನ್ನು ತನ್ನದಾಗಿಸಿಕೊಳ್ಳುತ್ತಾನೆ. ಹಾಗೆ ಹಿಡಿದಾಗ ಹಸಿರು ಮಿಂಚು ಕಾಣುತ್ತದೆ. ಇದರಲ್ಲಿ ಎರಡು ತೊಡಕುಗಳು ಅಡಗಿವೆ. ಮೊದಲನೆಯದು, ಹೊಸದಾಗಿ ಇಟ್ಟ ಪೀಠವನ್ನು ಎದುರಿಗಿರುವವನ ಬದಲು ಗೋಡೆಯಾಚೆಯ, ಇಲ್ಲವೇ ಮೂರು ಮನೆ ಆಚೆಯ ಬೇರೊಬ್ಬ ನಿರುದ್ಯೋಗಿ ಹಿಡಿದುಬಿಡುವುದು. 48 ಬ್ಲಾಕ್ ಎಂದರೆ ಒಂದು ಸಣ್ಣ ಹಳ್ಳಿಯ ಬಹುಭಾಗವಾದ್ದರಿಂದ ಇದು ಅಪರೂಪವಲ್ಲ. ಎರಡನೆಯದು, ಎದುರಿಗಿರುವವನು ಹಿಂದೆಯೇ ದೂರದ ಇನ್ನೊಂದು ಸಾಧನವನ್ನು ಹಿಡಿದಿದ್ದು, ಆಟಗಾರ ಅದನ್ನು ಗಮನಿಸದಿರುವುದು. ಎರಡಕ್ಕೂ ಪರಿಹಾರ ಒಂದೇ, ಅದು ತಾಳ್ಮೆ ಬೇಡುವಂಥದು: ಆಸುಪಾಸಿನ ಸಾಧನಗಳನ್ನೆಲ್ಲ ತೆಗೆದು, ಒಬ್ಬ ಹಳ್ಳಿಗನನ್ನು ಉಳಿದವರಿಂದ ಬೇರ್ಪಡಿಸಿ, ಅವನ ಮುಂದೆ ಒಂದೇ ಸಾಧನವಿಟ್ಟು, ಹಸಿರು ಮಿಂಚು ಕಂಡ ಮೇಲೆ, ಒಂದು ವ್ಯಾಪಾರ ಮಾಡಿ, ಆಮೇಲೆ ಮುಂದಿನವನ ಬಳಿ ಹೋಗುವುದು.

ಆ ಮೊದಲ ವ್ಯಾಪಾರದ ಮಹತ್ವವನ್ನು ಬಿಡಿಸಿ ಹೇಳಬೇಕು. ಒಮ್ಮೆಯೂ ವ್ಯಾಪಾರ ಮಾಡದ ಹಳ್ಳಿಗನ ಸಾಧನವನ್ನು ಒಡೆದರೆ ಅವನು ಕಸುಬು ಕಳೆದುಕೊಂಡು ಮತ್ತೆ ಸಾದಾ ಬಟ್ಟೆಗೆ ಮರಳುತ್ತಾನೆ. ಮತ್ತೆ ಸಾಧನ ಇಟ್ಟರೆ ಹೊಸ ಪಟ್ಟಿಯೊಡನೆ ಬರುತ್ತಾನೆ. ಒಂದೇ ಒಂದು ವ್ಯಾಪಾರ ನಡೆದರೂ ಕಸುಬೂ ಪಟ್ಟಿಯೂ ಅವನಿಗೆ ಶಾಶ್ವತವಾಗಿ ಅಂಟಿಕೊಳ್ಳುತ್ತವೆ. ಬೇಕಾದ ಪುಸ್ತಕ ಗ್ರಂಥಪಾಲನ ಪಟ್ಟಿಯಲ್ಲಿ ಬರುವವರೆಗೆ ಪೀಠವನ್ನು ಒಡೆದು ಇಡುತ್ತ ಇರುವುದು ಆಟಗಾರರಲ್ಲಿ ಬಳಕೆಯ ಉಪಾಯ; ಬೇಡದ ಪಟ್ಟಿ ಇರುವಾಗಲೇ ಕೈತಪ್ಪಿ ಕಾಗದ ಮಾರಿದವನಿಗೆ ಆ ಉಪಾಯದ ಬಾಗಿಲು ಅಲ್ಲಿಗೆ ಮುಚ್ಚುತ್ತದೆ. ಅಂಥವನು ಪೀಠ ಒಡೆಯುವುದನ್ನು ಬಿಟ್ಟು ಇನ್ನೊಬ್ಬ ಹಳ್ಳಿಗನನ್ನು ಹುಡುಕುವುದೇ ಸರಿ.

ಕೆಂಪು ಗೀಟು

ಪಟ್ಟಿಯ ಒಂದು ಸಾಲಿಗೆ ಕೆಂಪು ಗುರುತು ಬಿದ್ದು ಆ ವ್ಯಾಪಾರ ನಿಲ್ಲುವುದಕ್ಕೆ ಕಾರಣ ಸರಕು ಮುಗಿದದ್ದು. ಪ್ರತಿಯೊಂದು ಸಾಲಿಗೂ ಒಂದು ಮಿತಿಯಿದೆ. ರೈತ ಗೋಧಿಯನ್ನು 16 ಸಲ ಕೊಳ್ಳುತ್ತಾನೆ, ಬೆಲೆಬಾಳುವ ಆಯುಧ, ಕವಚಗಳಂಥ ಸಾಲುಗಳು ಅದಕ್ಕಿಂತ ಬಹಳ ಬೇಗ ಮುಗಿಯುತ್ತವೆ. ಮುಗಿದದ್ದು ಮತ್ತೆ ತುಂಬಬೇಕಾದರೆ ಹಳ್ಳಿಗ ತನ್ನ ಸಾಧನದ ಬಳಿಗೆ ಹೋಗಿ ಕೆಲಸ ಮಾಡಬೇಕು. ಇದು ಆಟದ ಒಂದು ದಿನದಲ್ಲಿ ಹೆಚ್ಚೆಂದರೆ ಎರಡು ಸಲ ನಡೆಯುತ್ತದೆ, ಎರಡರ ನಡುವೆ ನಿಜ ಗಡಿಯಾರದ 2 ನಿಮಿಷವಾದರೂ ಕಳೆದಿರಬೇಕು. ಹಳ್ಳಿಗನ ಕೆಲಸದ ವೇಳೆ ಆಟದ ಬೆಳಗಿನ 8ರಿಂದ ಮಧ್ಯಾಹ್ನ 3ರವರೆಗೆ. 3ರಿಂದ 5ರವರೆಗೆ ಊರಗಂಟೆಯ ಬಳಿ ಕೂಡುವ ಹೊತ್ತು, 6ಕ್ಕೆ ಮಲಗುವ ಹೊತ್ತು. ಕೆಲಸದ ಆ ಏಳು ತಾಸು ನಿಜ ಗಡಿಯಾರದಲ್ಲಿ 6 ನಿಮಿಷಕ್ಕಿಂತ ತುಸು ಕಡಿಮೆ. ಸಂಜೆ ಸರಕು ಮುಗಿಸಿ ಅಲ್ಲೇ ನಿಂತು ಕಾಯುವವನು ಬೆಳಗಾಗುವವರೆಗೂ ಕಾಯುತ್ತಾನೆ, ಅದರಲ್ಲಿ ದೋಷವೇನೂ ಇಲ್ಲ.

ಹಲವು ಬೆಳಗು ಕಳೆದರೂ ಗುರುತು ಹೋಗದಿದ್ದರೆ ಆಗ ದಾರಿಯನ್ನು ನೋಡಬೇಕು. ಬಾಗಿಲ ಮುಂದೆ ಇಟ್ಟ ಒಂದು ಬ್ಲಾಕ್, ನೆಲದಲ್ಲಿ ತೋಡಿದ ಗುಂಡಿ, ನಡುವೆ ಎಬ್ಬಿಸಿದ ಬೇಲಿ, ಇಂಥ ಸಣ್ಣ ತಡೆಯೂ ಸಾಕು. ಹಳ್ಳಿಗ ಸಾಧನದ ಪಕ್ಕಕ್ಕೆ ಬಂದು ನಿಲ್ಲಲಾರದೆ ಹೋದರೆ ಸರಕು ತುಂಬುವುದಿಲ್ಲ. 2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ಮುಳ್ಳೂರು, ದಾಸನಪುರ, ಹಳೇ ಹಂಪಾಪುರ ಮೊದಲಾದ ದಂಡೆಯ ಊರುಗಳಿಗೆ ನೀರು ನುಗ್ಗಿದ್ದನ್ನು ಕಂಡವರಿಗೆ, ದಾರಿ ಮುಚ್ಚಿದಾಗ ಹೊಲ, ಅಂಗಡಿ, ಕೆಲಸ ಎಲ್ಲವೂ ಇದ್ದಲ್ಲೇ ಇದ್ದರೂ ಯಾವುದೂ ಕೈಗೆಟುಕದೆ ಹೋಗುವುದೆಂದರೇನೆಂದು ಬೇರೆ ಯಾರೂ ಹೇಳಬೇಕಿಲ್ಲ. ಆಟದಲ್ಲಿ ಈ ತಡೆಯನ್ನು ಹೆಚ್ಚಾಗಿ ಒಡ್ಡುವವನು ಆಟಗಾರನೇ. ಹಳ್ಳಿಗರನ್ನು ಒಂದು ಬ್ಲಾಕ್ ಅಗಲದ ಗೂಡುಗಳಲ್ಲಿ ಸಾಲಾಗಿ ನಿಲ್ಲಿಸಿ, ಆ ಕಟ್ಟಡವನ್ನು ವ್ಯಾಪಾರದ ಹಜಾರವೆಂದು ಕರೆಯುವ ರೂಢಿಯೊಂದಿದೆ. ಜಾವಾ ಆವೃತ್ತಿಯಲ್ಲಿ ಸರಕು ತುಂಬಲು ಹಾಸಿಗೆ ಬೇಕಿಲ್ಲವಾದ್ದರಿಂದ ಈ ಹಜಾರ ನಡೆಯುತ್ತದೆ, ಆದರೆ ಪ್ರತಿಯೊಬ್ಬನ ಸಾಧನ ಅವನ ಮುಂದೆಯೇ ಇದ್ದು, ಅವನು ಹಿಡಿದಿರುವುದು ಅದನ್ನೇ ಆಗಿದ್ದರೆ ಮಾತ್ರ ನಡೆಯುತ್ತದೆ. ಪಕ್ಕದ ಗೂಡಿನವನ ಪೀಠವನ್ನು ಹಿಡಿದವನು ತನ್ನ ಮುಂದಿನ ಪೀಠದ ಪಕ್ಕದಲ್ಲಿ ಎಷ್ಟು ಹೊತ್ತು ನಿಂತರೂ ಸರಕು ಬರುವುದಿಲ್ಲ. ಬಯಲಲ್ಲಿ ಓಡಾಡಿಕೊಂಡಿರುವ ಹಳ್ಳಿಯಲ್ಲಿ ಇಂಥ ತಪ್ಪು ತಾನೇ ಸರಿಹೋಗುತ್ತದೆ, ಹಜಾರದಲ್ಲಿ ಸರಿಹೋಗುವುದಿಲ್ಲ. ಹೊಸದಾಗಿ ಕಲಿಯುವವರು ಹಳ್ಳಿಯನ್ನು ಬಯಲಲ್ಲೇ ಇಟ್ಟುಕೊಂಡು ಅದರ ನಡೆಯನ್ನು ತಿಳಿದ ಮೇಲೆ ಹಜಾರಕ್ಕೆ ಕೈಹಾಕುವುದು ಒಳ್ಳೆಯದು.

ಪಟ್ಟಿ ಬೆಳೆಯದಿರುವುದು ಬೇರೆ ಬಗೆಯ ತೊಡಕು. ಹಳ್ಳಿಗನಿಗೆ ಐದು ದರ್ಜೆಗಳಿದ್ದು, ಅವನ ಸೊಂಟದ ಬಿಲ್ಲೆ ಕಲ್ಲಿನಿಂದ ಕಬ್ಬಿಣ, ಚಿನ್ನ, ಪಚ್ಚೆ, ವಜ್ರಗಳಿಗೆ ಏರುವುದರಿಂದ ದರ್ಜೆ ತಿಳಿಯುತ್ತದೆ. ವ್ಯಾಪಾರ ಹೆಚ್ಚಿದಂತೆ ಅನುಭವದ ಅಂಕ ಕೂಡುತ್ತದೆ, 10, 70, 150, 250ರ ಗಡಿ ದಾಟಿದಾಗ ದರ್ಜೆ ಏರುತ್ತದೆ. ಗಡಿ ದಾಟಿದರೂ ಹೊಸ ಸಾಲು ಕಾಣುತ್ತಿಲ್ಲವೆಂದು ಕಿಟಕಿಯನ್ನು ತೆರೆದೇ ಇಟ್ಟು ಕಾಯುವವರು ಅನೇಕ. ಜಾವಾ ಆವೃತ್ತಿಯಲ್ಲಿ ಕಿಟಕಿ ಮುಚ್ಚಿದ ಮೇಲೆ ಸುಮಾರು 2 ಸೆಕೆಂಡಿಗೆ ದರ್ಜೆ ಏರುತ್ತದೆ, ಆಮೇಲೆ ತೆರೆದರೆ ಹೊಸ ಸಾಲುಗಳಿರುತ್ತವೆ.

ಬೆಲೆ ಏರುವ ಲೆಕ್ಕ

ಬೆಲೆಯ ಲೆಕ್ಕ ಈ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಜಾಣ್ಮೆಯಿಂದ ಕಟ್ಟಿದ ಭಾಗ, ಅತ್ಯಂತ ಕಡಿಮೆ ಅರ್ಥವಾಗಿರುವ ಭಾಗವೂ ಹೌದು. ಪ್ರತಿ ಸಾಲಿಗೂ ‘ಡಿಮ್ಯಾಂಡ್’ ಎಂಬ ಗುಟ್ಟಿನ ಅಂಕವೊಂದಿದೆ. ಸರಕು ತುಂಬುವ ಹೊತ್ತಿಗೆ ಆಟ ಎರಡು ಸಂಖ್ಯೆಗಳನ್ನು ನೋಡುತ್ತದೆ: ಆ ಸಾಲಿನಲ್ಲಿ ಎಷ್ಟು ಸಲ ವ್ಯಾಪಾರ ನಡೆಯಿತು, ಎಷ್ಟು ಸಲ ನಡೆಯಬಹುದಾಗಿದ್ದೂ ನಡೆಯಲಿಲ್ಲ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದು ಬಂದದ್ದನ್ನು ಡಿಮ್ಯಾಂಡ್‌ಗೆ ಕೂಡಿಸುತ್ತದೆ. ಗೋಧಿಯ 16ರಲ್ಲಿ 8 ಸಲ ಮಾರಿದರೆ ಡಿಮ್ಯಾಂಡ್ ಇದ್ದಲ್ಲೇ ಇರುತ್ತದೆ, ಎಂಟಕ್ಕಿಂತ ಹೆಚ್ಚು ಮಾರಿದರೆ ಏರುತ್ತದೆ, ಕಡಿಮೆ ಮಾರಿದರೆ ಇಳಿಯುತ್ತದೆ. 16ನ್ನೂ ಒಂದೇ ಸಲ ಮಾರಿ ಮುಗಿಸಿದರೆ ಡಿಮ್ಯಾಂಡ್ 16ರಷ್ಟು ಏರಿ, ಗೋಧಿಯಂಥ ಸಾದಾ ಸರಕಿಗೆ ಅನ್ವಯಿಸುವ 0.05 ಎಂಬ ಗುಣಕದೊಂದಿಗೆ ಸೇರಿ, 20 ಗೋಧಿಯ ಬೆಲೆ ಮುಂದಿನ ಸಲಕ್ಕೆ, ಬೇರೆ ರಿಯಾಯಿತಿಗಳನ್ನು ಬಿಟ್ಟರೆ, 36 ಗೋಧಿಯಾಗುತ್ತದೆ. ಆಯುಧ, ಕವಚ, ಮಂತ್ರಪುಸ್ತಕಗಳಿಗೆ ಗುಣಕ 0.2, ಎಂದರೆ ಏರಿಕೆಯೂ ಇಳಿಕೆಯೂ ನಾಲ್ಕು ಪಟ್ಟು ಚುರುಕು. ಡಿಮ್ಯಾಂಡ್ ಎಷ್ಟೇ ಇಳಿದರೂ ಅದರಿಂದ ಬೆಲೆ ಮೂಲಬೆಲೆಗಿಂತ ಕೆಳಗಿಳಿಯುವುದಿಲ್ಲ.

ಇಲ್ಲಿ ಕೊಳ್ಳೇಗಾಲದ ಸರ್ಕಾರಿ ರೇಷ್ಮೆಗೂಡಿನ ಮಾರುಕಟ್ಟೆಯನ್ನು ಪಕ್ಕದಲ್ಲಿಟ್ಟು ನೋಡಿದರೆ ಆಟದ ಲೆಕ್ಕದ ಸ್ವರೂಪ ಸ್ಪಷ್ಟವಾಗುತ್ತದೆ. 1959ರ ರಾಜ್ಯ ಕಾಯ್ದೆಯ ಚೌಕಟ್ಟಿನಲ್ಲಿ ಗೂಡಿನ ವಹಿವಾಟು ನಡೆಯುವ ಇಂಥ ಮಾರುಕಟ್ಟೆಗಳಲ್ಲಿ ರೈತ ತಂದ ಗೂಡನ್ನು ಒಂದು ಲಾಟಾಗಿ ಸುರಿದು, ರೀಲರುಗಳು ಕೈಯಲ್ಲಿ ಹಿಡಿದು ನೋಡಿ ಹರಾಜಿನಲ್ಲಿ ಬೆಲೆ ಹೇಳುತ್ತಾರೆ. ಒಂದೇ ದಿನ ಒಂದೇ ಸೂರಿನಡಿ ಎರಡು ಲಾಟುಗಳಿಗೆ ಎರಡು ಬೆಲೆ ಬರುವುದು ಗೂಡಿನ ಗುಣದಿಂದ. ಆಟದಲ್ಲಿ ಗುಣವೆಂಬುದಿಲ್ಲ, ಎಲ್ಲ ಗೋಧಿಯೂ ಒಂದೇ. ಅಲ್ಲಿಯೂ ಒಂದೇ ಊರಲ್ಲಿ ಎರಡು ಬೆಲೆಗಳಿರುತ್ತವೆ, ಆದರೆ ಕಾರಣ ಬೇರೆ: ಪ್ರತಿಯೊಬ್ಬ ಹಳ್ಳಿಗನೂ ತನ್ನ ಡಿಮ್ಯಾಂಡ್ ಅನ್ನು ತನ್ನಲ್ಲೇ ಇಟ್ಟುಕೊಂಡಿರುತ್ತಾನೆ, ಪಕ್ಕದ ರೈತನ ಬಳಿ ಎಷ್ಟು ಗೋಧಿ ಸುರಿದಿದೆಯೆಂಬುದು ಅವನ ಬೆಲೆಯನ್ನು ಮುಟ್ಟುವುದೇ ಇಲ್ಲ. ಕೊಳ್ಳುವವರ ನಡುವೆ ಪೈಪೋಟಿಯೂ ಇಲ್ಲ, ಕೂಡಿಕೊಂಡು ಬೆಲೆ ಇಳಿಸುವ ಒಳಸಂಚೂ ಇಲ್ಲ. ಆದ್ದರಿಂದ 32 ಸಲದ ಗೋಧಿಯಿರುವ ಆಟಗಾರ ಅದನ್ನು ಇಬ್ಬರಿಗೆ ಮಾರಿ ಮುಗಿಸಿದರೆ ಇಬ್ಬರ ಬೆಲೆಯೂ ಕೆಡುತ್ತದೆ. ನಾಲ್ವರು ರೈತರಿಗೆ 8 ಸಲದಂತೆ ಹಂಚಿದರೆ ಯಾರ ಬೆಲೆಯೂ ಕದಲುವುದಿಲ್ಲ. ಏರಿದ ಬೆಲೆಗೆ ಮದ್ದು ಮತ್ತಷ್ಟು ರೈತರನ್ನು ಸಾಕುವುದು.

ಎರಡನೆಯ ವ್ಯತ್ಯಾಸ ಕಾಲದ್ದು, ಅದು ಇನ್ನೂ ಆಳವಾದದ್ದು. ಗೂಡು ಕಟ್ಟತೊಡಗಿದ ಸುಮಾರು 10ರಿಂದ 12 ದಿನಗಳಲ್ಲಿ ಚಿಟ್ಟೆ ಗೂಡನ್ನು ತೂತುಮಾಡಿ ಹೊರಬರುತ್ತದೆ, ಆ ಗೂಡಿನಿಂದ ಉದ್ದನೆಯ ನೂಲು ಬರುವುದಿಲ್ಲ. ಬೆಲೆ ಹಿಡಿಸಲಿಲ್ಲವೆಂದು ರೈತ ಗೂಡನ್ನು ಮನೆಗೆ ಕೊಂಡೊಯ್ದು ತಿಂಗಳು ಕಾಯಲಾರ. ಮಾರುವವನ ಮೇಲಿನ ಈ ಒತ್ತಡವೇ ಗೂಡಿನ ಮಾರುಕಟ್ಟೆಗೆ ಸರ್ಕಾರಿ ನಿಯಂತ್ರಣ ಬೇಕಾದುದರ ಕಾರಣಗಳಲ್ಲಿ ಒಂದು. ಆಟದ ಗೋಧಿ ಪೆಟ್ಟಿಗೆಯಲ್ಲಿಟ್ಟಲ್ಲಿ ಎಂದೆಂದಿಗೂ ಕೆಡುವುದಿಲ್ಲ. ಆ ಸಾಲನ್ನು ಮುಟ್ಟದೆ ಒಂದೆರಡು ಆಟದ ದಿನ ಬಿಟ್ಟರೆ ಡಿಮ್ಯಾಂಡ್ ತಾನೇ ಕರಗಿ ಬೆಲೆ 20ಕ್ಕೆ ಮರಳುತ್ತದೆ. ನಿಜವಾದ ರೈತನಿಗೆ ಇಲ್ಲದ ಸವಲತ್ತು ಆಟಗಾರನಿಗೆ ಇದ್ದೂ ಅವನು ಅದನ್ನು ಬಳಸದೆ, ಏರಿದ ಬೆಲೆಯಲ್ಲೇ ಮತ್ತೆ ಮತ್ತೆ ಮಾರಿ ಬೆಲೆಯನ್ನು ಇನ್ನೂ ಮೇಲಕ್ಕೆ ತಳ್ಳುವುದು ಕಾಣುತ್ತದೆ.

ಯಂತ್ರದ ಮೂಲಕ ನಡೆಯುವ ವ್ಯಾಪಾರ ಕರ್ನಾಟಕಕ್ಕೆ ಅಪರಿಚಿತವೇನಲ್ಲ. ಕೃಷಿ ಮಾರುಕಟ್ಟೆಗಳನ್ನು ಕಂಪ್ಯೂಟರಿನ ಮೂಲಕ ಜೋಡಿಸುವ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ರಾಜ್ಯ 2014ರಲ್ಲೇ ಆರಂಭಿಸಿತು. ಆದರೆ ಅಲ್ಲಿ ಕಂಪ್ಯೂಟರ್ ಮನುಷ್ಯರು ಹೇಳಿದ ಬೆಲೆಯನ್ನು ಸಾಗಿಸುತ್ತದೆ, ಆಟದಲ್ಲಿ ಕಂಪ್ಯೂಟರೇ ಕೊಳ್ಳುವವನು. ಅದರೊಡನೆ ಚೌಕಾಸಿ ಮಾಡಲಾಗದು. ಅದರ ನಿಯಮವನ್ನು ತಿಳಿದು ನಡೆಯಬಹುದಷ್ಟೆ.

ಹಳ್ಳಿಗನ ನೆನಪು

ಡಿಮ್ಯಾಂಡ್ ಏರದಿದ್ದರೂ ಬೆಲೆ ಹೆಚ್ಚಿದ್ದರೆ ಅದು ಆಟಗಾರನ ಹೆಸರು ಕೆಟ್ಟಿರುವುದರ ಸೂಚನೆ. ಹಳ್ಳಿಗ ತನಗಾದದ್ದನ್ನು, ಕಂಡದ್ದನ್ನು ನೆನಪಿಟ್ಟುಕೊಳ್ಳುತ್ತಾನೆ, ಇನ್ನೊಬ್ಬನನ್ನು ಕಂಡಾಗ ಅದನ್ನು ಹೇಳುತ್ತಾನೆ. ಆಟ ಇದನ್ನು ‘ಗಾಸಿಪ್’ ಎನ್ನುತ್ತದೆ, ಊರ ಮಾತಿನಲ್ಲಿ ಅದು ಕಿವಿಯಿಂದ ಕಿವಿಗೆ ಹೋಗುವ ಸುದ್ದಿ. ಜಾವಾ ಆವೃತ್ತಿಯಲ್ಲಿ ಹಳ್ಳಿಗನಿಗೆ ಒಂದು ಏಟು ಬಿದ್ದರೆ ಅವನ ಮನಸ್ಸಿನಲ್ಲಿ ಆಟಗಾರನ ಹೆಸರು 25 ಅಂಕ ಇಳಿಯುತ್ತದೆ, ಅಷ್ಟರಿಂದಲೇ ಮಂತ್ರಪುಸ್ತಕದ ಬೆಲೆ 5 ಪಚ್ಚೆ ಏರುತ್ತದೆ. ಈ ನೆನಪು ದಿನಕ್ಕೆ 20 ಅಂಕದಂತೆ ಮಾಸುತ್ತದೆ. ಹಳ್ಳಿಗನನ್ನು ಕೊಂದರೆ ಕಂಡವರ ಮನಸ್ಸಿನಲ್ಲಿ 125 ಅಂಕ ಇಳಿಯುತ್ತದೆ, ಹೆಸರು ಮೈನಸ್ 100ಕ್ಕೆ ಅಥವಾ ಅದಕ್ಕೂ ಕೆಳಗೆ ಹೋದಾಗ ಊರ ಕಾವಲಿನ ಕಬ್ಬಿಣದ ಗೊಲೆಮ್ ಆಟಗಾರನ ಮೇಲೆಯೇ ಬೀಳುತ್ತದೆ. ಪ್ರತಿ ವ್ಯಾಪಾರವೂ 2 ಅಂಕದ ಒಳ್ಳೆಯ ಹೆಸರು ತರುತ್ತದೆ, ಆದರೆ ಅದಕ್ಕೆ 25ರ ಮಿತಿಯಿದೆ. ಹಲವರು ಕೂಡಿ ಆಡುವ ಲೋಕದಲ್ಲಿ ಒಬ್ಬ ಗೆಳೆಯನಿಗೆ ಅಗ್ಗ, ಇನ್ನೊಬ್ಬನಿಗೆ ತುಟ್ಟಿ ಆಗುವುದಕ್ಕೆ ಇದೇ ಕಾರಣ, ಏಕೆಂದರೆ ಹೆಸರು ಆಟಗಾರ ಆಟಗಾರನಿಗೆ ಬೇರೆ ಬೇರೆಯಾಗಿ ಬರೆದಿರುತ್ತದೆ.

ಒಳ್ಳೆಯ ಹೆಸರು ಗಳಿಸುವ ಅತ್ಯಂತ ದೊಡ್ಡ ದಾರಿ ರೋಗ ವಾಸಿಮಾಡುವುದು. ಇರುಳಿನಲ್ಲಿ ಜೋಂಬಿ, ಎಂದರೆ ನಡೆದಾಡುವ ಶವ, ಹಳ್ಳಿಗನನ್ನು ಕೊಂದರೆ ಅವನೂ ಜೋಂಬಿಯಾಗುವ ಸಂಭವವಿದೆ. ಸುಲಭ ಹಂತದಲ್ಲಿ ಹಾಗಾಗುವುದಿಲ್ಲ, ಅವನು ಸತ್ತೇ ಹೋಗುತ್ತಾನೆ, ಸಾಮಾನ್ಯ ಹಂತದಲ್ಲಿ ಅರ್ಧದಷ್ಟು ಸಲ ಹಾಗಾಗುತ್ತದೆ, ಕಠಿಣ ಹಂತದಲ್ಲಿ ಪ್ರತಿ ಸಲವೂ. ವ್ಯಾಪಾರಿ ಇದ್ದಕ್ಕಿದ್ದಂತೆ ಕಾಣೆಯಾಗುವುದಕ್ಕೆ ಹೆಚ್ಚಿನ ಸಲ ಇದೇ ಕಾರಣವಾಗಿರುವುದರಿಂದ ರಾತ್ರಿ ಹಳ್ಳಿಯಲ್ಲಿ ದೀಪ, ಮುಚ್ಚಿದ ಬಾಗಿಲು ಇರಬೇಕು. ಜೋಂಬಿಯಾದವನ ಮೇಲೆ ದುರ್ಬಲಗೊಳಿಸುವ ಮದ್ದನ್ನು ಎರಚಿ, ಚಿನ್ನದ ಸೇಬು ತಿನ್ನಿಸಿದರೆ 3ರಿಂದ 5 ನಿಮಿಷದೊಳಗೆ ಅವನು ಮತ್ತೆ ಹಳ್ಳಿಗನಾಗುತ್ತಾನೆ, ಉಪಕಾರವನ್ನು ಬೆಲೆಯಲ್ಲಿ ತೀರಿಸುತ್ತಾನೆ. ಮೊದಲು ಒಬ್ಬನನ್ನೇ ಹಲವು ಸಲ ಜೋಂಬಿ ಮಾಡಿ ವಾಸಿಮಾಡುತ್ತ ಬೆಲೆಯನ್ನು ಒಂದು ಪಚ್ಚೆಗೆ, ಒಂದು ಕಡ್ಡಿಗೆ ಇಳಿಸುವ ಉಪಾಯ ನಡೆಯುತ್ತಿತ್ತು. 2023ರ ಸೆಪ್ಟೆಂಬರ್‌ನಲ್ಲಿ ಬಂದ 1.20.2ನೆಯ ಆವೃತ್ತಿ ಆ ರಿಯಾಯಿತಿಯನ್ನು ಒಂದು ಸಲಕ್ಕೆ ಮಿತಿಗೊಳಿಸಿತು. ಈಗ ವಾಸಿಯಾದವನು 32 ಕಡ್ಡಿಯ ಬದಲು 26 ಕಡ್ಡಿಗೆ ಪಚ್ಚೆ ಕೊಡುತ್ತಾನೆ, ಮಂತ್ರಪುಸ್ತಕದ ಬೆಲೆಯಲ್ಲಿ 25 ಪಚ್ಚೆಯವರೆಗೂ ಬಿಡುತ್ತಾನೆ. ಎರಡನೆಯ ಸಲ ವಾಸಿಮಾಡಿದರೂ ಬೆಲೆ ಇಳಿಯಲಿಲ್ಲವೆಂದು ಕಳವಳಪಡುವವರು ಹಳೆಯ ನಿಯಮವನ್ನು ನೆಚ್ಚಿಕೊಂಡವರು. ಇದಲ್ಲದೆ ಹಳ್ಳಿಯ ಮೇಲೆ ಬಿದ್ದ ದಾಳಿಯನ್ನು ಹಿಮ್ಮೆಟ್ಟಿಸಿದ ಆಟಗಾರನಿಗೆ ಕೆಲವು ಕಾಲ ಎಲ್ಲ ಹಳ್ಳಿಗರೂ ಮೂಲಬೆಲೆಯಲ್ಲಿ ಶೇಕಡಾ 30 ಅಥವಾ ಅದಕ್ಕೂ ಹೆಚ್ಚು ಬಿಟ್ಟು ಮಾರುತ್ತಾರೆ. ಆ ಅವಧಿ ಮುಗಿದು ಬೆಲೆ ಹಿಂದಿನ ಮಟ್ಟಕ್ಕೆ ಬಂದಾಗ ಅದನ್ನು ಏರಿಕೆಯೆಂದು ತಿಳಿಯಬಾರದು.

ಎರಡು ಲಾಮಾಗಳನ್ನು ಹಿಡಿದುಕೊಂಡು ನೀಲಿ ನಿಲುವಂಗಿಯಲ್ಲಿ ಬರುವ ಅಲೆಮಾರಿ ವ್ಯಾಪಾರಿಗೆ ಮೇಲಿನ ಯಾವ ಮಾತೂ ಅನ್ವಯಿಸುವುದಿಲ್ಲ. ಅವನಿಗೆ ಕೆಲಸದ ಸಾಧನವಿಲ್ಲ, ಸರಕು ಮತ್ತೆ ತುಂಬುವುದಿಲ್ಲ, ಸುಮಾರು 40 ನಿಮಿಷದಲ್ಲಿ ಅವನು ಮರೆಯಾಗುತ್ತಾನೆ.

ಈ ಅಂಕಿಗಳಲ್ಲಿ ಹೆಚ್ಚಿನವು ಜಾವಾ ಆವೃತ್ತಿಯವು. ಮೊಬೈಲ್ ಫೋನಿನಲ್ಲಿ ಆಡುವುದು ‘ಬೆಡ್‌ರಾಕ್’ ಎಂಬ ಇನ್ನೊಂದು ಆವೃತ್ತಿ. ಅದರಲ್ಲಿ ಹಳ್ಳಿಯೆಂಬುದು ಹುಟ್ಟುವುದೇ ಹಳ್ಳಿಗನೊಬ್ಬ ಹಾಸಿಗೆಯನ್ನು ತನ್ನದಾಗಿಸಿಕೊಂಡಾಗ, ಆದ್ದರಿಂದ ಅಲ್ಲಿ ಕಸುಬು ಹತ್ತದ ಹಳ್ಳಿಗನ ವಿಷಯದಲ್ಲಿ ಮೊದಲು ನೋಡಬೇಕಾದದ್ದು ಸಾಧನವನ್ನಲ್ಲ, ಹಾಸಿಗೆಯನ್ನು. ಫೋನಿನಲ್ಲಿ ಆಡುವ ಹುಡುಗ ಕಂಪ್ಯೂಟರಿನಲ್ಲಿ ಆಡುವ ಗೆಳೆಯನ ಸಲಹೆಯನ್ನು ಹಾಗೆಯೇ ಅನುಸರಿಸಿದರೆ ತಪ್ಪುವುದು ಸಹಜ. ಜಾವಾ ಆವೃತ್ತಿಯ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದ್ದು, ಅದರ ಪಠ್ಯವನ್ನು ಸ್ವಯಂಸೇವಕರು ಸಾಮೂಹಿಕ ಅನುವಾದದ ತಾಣವೊಂದರ ಮೂಲಕ ಸಿದ್ಧಪಡಿಸುತ್ತಾರೆ. ಹಳ್ಳಿಗರ ಕಸುಬು, ಸರಕುಗಳ ಹೆಸರುಗಳನ್ನು ತಮ್ಮ ಭಾಷೆಯಲ್ಲಿ ಓದಬಯಸುವವರು ಅದನ್ನು ಆರಿಸಿಕೊಳ್ಳಬಹುದು.

1.20.2ರೊಡನೆ ಆಟಗಾರ ಬಯಸಿದರೆ ಮಾತ್ರ ಜಾರಿಯಾಗುವ ಪ್ರಯೋಗವೊಂದೂ ಬಂತು. ಅದರ ಪ್ರಕಾರ ಗ್ರಂಥಪಾಲ ಮಾರುವ ಪುಸ್ತಕಗಳು ಅವನು ಯಾವ ಹವೆಯ ಸೀಮೆಯವನೆಂಬುದನ್ನು ಅವಲಂಬಿಸುತ್ತವೆ. ಮರುಭೂಮಿಯವನದು ಒಂದು ಬಗೆ, ಹಿಮದ ನಾಡಿನವನದು ಇನ್ನೊಂದು. ಸವೆದ ಸಾಧನಗಳನ್ನು ತಾನೇ ಸರಿಪಡಿಸುವ ‘ಮೆಂಡಿಂಗ್’ ಪುಸ್ತಕ ಜೌಗುಭೂಮಿಯ ಗ್ರಂಥಪಾಲನ ಬಳಿ, ಅದೂ ಅವನು ವಜ್ರದ ಬಿಲ್ಲೆಯ ದರ್ಜೆಗೆ ಏರಿದ ಮೇಲೆ ಮಾತ್ರ ಸಿಗುತ್ತದೆ. ಜೌಗುಭೂಮಿಯಲ್ಲಿ ಆಟ ತಾನಾಗಿ ಹಳ್ಳಿಯನ್ನು ಹುಟ್ಟಿಸುವುದಿಲ್ಲವಾದ್ದರಿಂದ, ಆ ಪ್ರಯೋಗವನ್ನು ಜಾರಿಗೊಳಿಸಿದ ಲೋಕದಲ್ಲಿ ಮೆಂಡಿಂಗ್ ಬೇಕಾದವನು ಪೀಠವನ್ನು ಒಡೆದು ಇಡುವ ಉಪಾಯದಿಂದ ಏನನ್ನೂ ಪಡೆಯಲಾರ. ಬೇರೆಡೆಯಿಂದ ಇಬ್ಬರು ಹಳ್ಳಿಗರನ್ನು ದೋಣಿಯಲ್ಲಿ ಜೌಗಿಗೆ ಕರೆತಂದು, ಅವರಿಗೆ ಹಾಸಿಗೆ ಹಾಕಿ, ರೊಟ್ಟಿ ಕೊಟ್ಟು, ಇರುಳಿಗೆ ದೀಪವಿಟ್ಟು, ಅಲ್ಲಿ ಹುಟ್ಟಿದ ಮಗು ಬೆಳೆದ ಮೇಲೆ ಅದರ ಮುಂದೆ ಪೀಠವಿಟ್ಟು, ಐದನೆಯ ದರ್ಜೆಗೆ ಏರುವವರೆಗೆ ಅದರೊಡನೆ ಕಾಗದದ ವ್ಯಾಪಾರ ನಡೆಸುತ್ತಿರಬೇಕು.